ಟೋಮಿಯ ಮೂರನೆಯ ಸೆಟ್ಟಿಂಗ್

ಮುಂದಕ್ಕೆ ನಡೆಯುವುದಕ್ಕಿಂತ ಹಿಂದಕ್ಕೆ ನಡೆಯುವುದರಲ್ಲಿ ನೆಲ್ಯಾಡಿಯ ಟೋಮಿಗೆ ಸಲೀಸು ಹೆಚ್ಚು. ಇದು ಉತ್ಪ್ರೇಕ್ಷೆ ಎಂದುಕೊಳ್ಳುವವರು ಅವನನ್ನೊಮ್ಮೆ ಮದುವೆಯ ದಿಬ್ಬಣದ ಮುಂದೆ ನೋಡಬೇಕು. ಕಣ್ಣಿಗೆ ಕ್ಯಾಮರಾ ಒತ್ತಿಕೊಂಡು, ಮದುಮಗಳ ಮುಖದಿಂದ ದೃಷ್ಟಿಯನ್ನು ಎಳ್ಳಷ್ಟೂ ಕದಲಿಸದೆ, ವಾದ್ಯದವರ ಕಾಲು, ಮಕ್ಕಳ ಕಾಲು, ನೆಲದಲ್ಲಿ ಬಿದ್ದ ಜನರೇಟರಿನ ವಯರು, ಇಗರ್ಜಿಯ ಮೆಟ್ಟಿಲು, ಎಲ್ಲವನ್ನೂ ಹಿಮ್ಮಡಿಯಿಂದಲೇ ತಿಳಿದುಕೊಂಡು ನಿರಾತಂಕವಾಗಿ ಹಿಂದೆ ಹಿಂದೆ ಸರಿಯುತ್ತಾನೆ. ಅದೇ ಮನುಷ್ಯ ಪೇಟೆಯಲ್ಲಿ ನಮ್ಮ ನಿಮ್ಮ ಹಾಗೆ ಮುಂದಕ್ಕೆ ನಡೆದರೆ ಎದುರು ಬಂದವರ ಹೆಗಲಿಗೆ ಹೆಗಲು ತಾಗಿಸುತ್ತಾನೆ, ಚರಂಡಿಯ ಕಲ್ಲು ಎಡವುತ್ತಾನೆ. ಯಾರಾದರೂ ನಕ್ಕರೆ, "ಅಭ್ಯಾಸ ತಪ್ಪಿದೆ ಮಾರಾಯ್ರೆ" ಎಂದು ತಾನೂ ನಗುತ್ತಾನೆ.

ಸುಳ್ಯದಿಂದ ಉಪ್ಪಿನಂಗಡಿಯವರೆಗೆ ಅವನ ಹೆಸರು ತಿಳಿಯದವರಿಗೂ ಅವನ ಕೋಟು ಗೊತ್ತು. ಮೈತುಂಬ ಜೇಬುಗಳಿರುವ, ತೋಳೇ ಇಲ್ಲದ ಆ ಖಾಕಿ ಉಡುಪಿಗೆ ಕೋಟೆಂಬ ಬಿರುದು ಸಲ್ಲದು. ಆದರೆ ಅವನೇ ಹಾಗೆನ್ನುವುದರಿಂದ ನಾವೂ ಹಾಗೆಯೇ ಅನ್ನೋಣ. ಒಂದು ಜೇಬಿನಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಲೆನ್ಸು ಒರೆಸುವ ಬಟ್ಟೆ, ಸೆರಗು ಜಾರಿದ ಮದುಮಗಳಿಗೆ ಪಿನ್ನು, ಅಳುವ ಮಗುವಿಗೆ ಪೆಪ್ಪರಮಿಂಟು, ಹಸಿದು ತಲೆಸುತ್ತು ಬಂದ ಮದುಮಗನಿಗೆ ಗ್ಲೂಕೋಸು. ಯಾರು ಏನು ಕೇಳಿದರೂ ಎದೆಯ ಮೇಲೆ ಕೈಯಾಡಿಸಿ, "ಸೆಟ್ ಉಂಟು, ಎಲ್ಲ ಸೆಟ್ ಉಂಟು" ಎನ್ನುವುದು ಅವನ ರೂಢಿ. ಊಟವಾಯಿತೇ ಎಂದು ವಿಚಾರಿಸಿದರೂ ಅದೇ ಉತ್ತರ, ಮಗಳ ಪರೀಕ್ಷೆ ಹೇಗಾಯಿತು ಎಂದರೂ ಅದೇ. ಇದರ ಜೊತೆಗೊಂದು ಹಟ: ಕೆಟ್ಟ ಪಟ ಅವನ ಸ್ಟುಡಿಯೋದ ಹೊಸಿಲು ದಾಟಕೂಡದು. ಸ್ವಲ್ಪ ಅಲುಗಿದ್ದು, ಕಣ್ಣು ಮುಚ್ಚಿದ್ದು, ಬಾಯಿ ತೆರೆದದ್ದು ಯಾವುದನ್ನೂ, ಗಿರಾಕಿ ಕಾಲು ಹಿಡಿದರೂ, ಅವನು ಕೊಡಲಾರ.

ಈ ಸಿದ್ಧತೆಯ ಹುಚ್ಚು ಹುಟ್ಟಿದ್ದು ಪುತ್ತೂರಿನ ಬಳಿಯ ಸವಣೂರಿನ ಒಂದು ಮದುವೆಯಲ್ಲಿ. ಧಾರೆಯ ಹೊತ್ತಿಗೆ ಮಂಟಪದ ದೀಪವೊಂದು ಆರಿತು. ಟೋಮಿ ತನ್ನ ಹಳೆಯ ಕ್ಯಾಮರಾದ ಹೊಟ್ಟೆಯೊಳಗೆ ಹೊಕ್ಕು, ಇದನ್ನು ಏರಿಸಿ ಅದನ್ನು ಇಳಿಸಿ, ಬೇಕಾದ್ದನ್ನು ಹುಡುಕಿ ತಲೆಯೆತ್ತುವಷ್ಟರಲ್ಲಿ ಧಾರೆಯ ನೀರು ಬಿದ್ದು, ಅಕ್ಷತೆ ಬಿದ್ದು, ಜನ ಊಟದ ಪಂಕ್ತಿಯ ಕಡೆಗೆ ಹೊರಟಾಗಿತ್ತು. ಕಡೆಗೆ ಮದುಮಗಳ ತಂದೆಯ ಕೈಕಾಲು ಹಿಡಿದು, ಊಟವಾದ ಮೇಲೆ ಖಾಲಿ ಗಿಂಡಿಯಿಂದ ಇನ್ನೊಮ್ಮೆ ಧಾರೆ ಎರೆಸಿದ. ಪಟದಲ್ಲಿ ಎಲ್ಲ ಸರಿಯಾಗಿಯೇ ಬಂತು, ನೀರೊಂದಿಲ್ಲ. ಮದುಮಗನ ತುಟಿಯಲ್ಲಿ ಪಾಯಸದ ಗುರುತು ಬೇರೆ! ಆ ಆಲ್ಬಮ್ಮಿನ ನೆನಪಾದರೆ ಇಂದಿಗೂ ಅವನ ಕಿವಿ ಕೆಂಪಾಗುತ್ತದೆ.

ಹಾಗಾಗಿ ಪುತ್ತೂರಿನ ಸಿದ್ದೀಕನ ಅಂಗಡಿಯಲ್ಲಿ ಹೊಸ ಕ್ಯಾಮರಾ ಕೊಂಡ ದಿನ ಅವನ ಕಣ್ಣು ನೆಟ್ಟದ್ದು ಅದರ ನೆತ್ತಿಯ ಮೇಲಿದ್ದ ಪುಟ್ಟ ಚಕ್ರದ ಮೇಲೆ.

"ಇದ್ರಲ್ಲಿ ಸಿ-ವನ್, ಸಿ-ಟೂ, ಸಿ-ತ್ರೀ ಅಂತ ಮೂರು ಮನೆ ಉಂಟು" ಎಂದು ಸಿದ್ದೀಕ ವಿವರಿಸಿದ. "ನಿಮಗೆ ಬೇಕಾದ ಹಾಗೆ ಎಲ್ಲ ಒಮ್ಮೆ ಸರಿ ಮಾಡಿ ಸೇವ್ ಕೊಟ್ರೆ ಮುಗೀತು. ಮತ್ತೆ ಚಕ್ರ ತಿರುಗಿಸುದು, ಒತ್ತುದು. ಅಷ್ಟೇ."

ಟೋಮಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅಂಗಡಿಯ ಸ್ಟೂಲಿನ ಮೇಲೆ ಕುಳಿತವನು ಮಧ್ಯಾಹ್ನದ ಊಟ ಮರೆತು ಆ ಮೂರು ಮನೆಗಳಿಗೆ ಸಂಸಾರ ಹೂಡಿದ. ಮೊದಲನೆಯದು ಮದುವೆಗೆ: ಫ್ಲಾಶ್ ಮಿಂಚಬೇಕು, ಚಿನ್ನ ಹೊಳೆಯಬೇಕು, ಮುಖದ ಕಲೆಗಳು ಮಸಕಾಗಬೇಕು. ಎರಡನೆಯದು ದೈವಗಳ ನೇಮ, ಯಕ್ಷಗಾನಗಳಿಗೆ: ಕತ್ತಲಲ್ಲೂ ದೊಂದಿಯ ಕೆಂಪು ಉಳಿಯಬೇಕು. ಮೂರನೆಯ ಮನೆಯನ್ನು ಮಾತ್ರ ಅವನು ಅಂದು ಖಾಲಿ ಬಿಟ್ಟು ಬಂದ. ಅದು ಭರ್ತಿಯಾಗಲಿಕ್ಕೆ ಒಂದು ಸಾವು ಬೇಕಾಯಿತು.

ನೆಲ್ಯಾಡಿ, ಕಡಬದ ಕಡೆ ಕೇರಳದಿಂದ ಬಂದು ರಬ್ಬರು ಬೆಳೆಸಿದ ಕ್ರೈಸ್ತ ಕುಟುಂಬಗಳಲ್ಲಿ ಒಂದು ಪದ್ಧತಿಯಿದೆ. ಮನೆಯ ಹಿರಿಯರು ತೀರಿಕೊಂಡರೆ, ಪೆಟ್ಟಿಗೆ ಮುಚ್ಚುವ ಮೊದಲು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳೆಲ್ಲ ಅದರ ಸುತ್ತ ನಿಂತು ಕಡೆಯದಾಗಿ ಒಂದು ಪಟ ತೆಗೆಸಿಕೊಳ್ಳುತ್ತಾರೆ. ಹೊರಗಿನವರಿಗೆ ವಿಚಿತ್ರವೆನಿಸಬಹುದು, ಆದರೆ ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬ ಒಟ್ಟಿಗೆ ನಿಂತ ಪಟವೆಂದರೆ ಅದೊಂದೇ. ಹೊಸ ಕ್ಯಾಮರಾ ಹಿಡಿದು ಟೋಮಿ ಹೋದ ಮೊದಲ ಸಾವಿನ ಮನೆಯಲ್ಲಿ, ಪ್ರಾರ್ಥನೆಯ ಮೌನದ ನಡುವೆ, ಅದು ಕಟಕಟ ಸದ್ದು ಮಾಡಿ ಫಳ್ಳೆಂದು ಮಿಂಚಿತು. ಸತ್ತವರ ತಮ್ಮ ತಲೆ ತಿರುಗಿಸಿ ನೋಡಿದ ನೋಟ ಬೈಗುಳಕ್ಕಿಂತ ಕಡೆ. ಟೋಮಿ ಮನೆಗೆ ಬಂದವನೇ ಮೂರನೆಯ ಸೆಟ್ಟಿಂಗಿಗೆ ಕುಳಿತ: ಸದ್ದು ಪೂರ್ತಿ ಬಂದ್, ಫ್ಲಾಶ್ ಬಂದ್. ಮತ್ತೊಂದು ಸೂಕ್ಷ್ಮವೂ ಅವನಿಗೆ ಹೊಳೆಯಿತು. ಉಸಿರು ನಿಂತ ಮುಖ ಪಟದಲ್ಲಿ ನೀಲಿಗಟ್ಟಿ ಕಾಣುತ್ತದೆ, ಅದನ್ನು ಜೀವಮಾನವಿಡೀ ಗೋಡೆಯ ಮೇಲೆ ನೋಡುವುದು ಮನೆಯವರಿಗೆ ಹಿಂಸೆ. ಆದ್ದರಿಂದ ಬಣ್ಣವನ್ನು ತುಸು ಕೆಂಪಿಗೆ ಸರಿಸಿ, ಇಲ್ಲದ ರಕ್ತವನ್ನು ಕೆನ್ನೆಗೆ ತುಂಬಿಸುವಂತೆ ಮಾಡಿ ಸೇವ್ ಕೊಟ್ಟ. ಇದರಲ್ಲಿ ಕಪಟವಿರಲಿಲ್ಲ, ಕರುಣೆಯೇ ಇತ್ತು. "ಮಲಗಿದ ಹಾಗೆಯೇ ಉಂಟು" ಎಂದು ಮಕ್ಕಳು ಕಣ್ಣೊರೆಸಿಕೊಂಡಾಗ ಅವನಿಗೆ ಧನ್ಯತೆ ಎನಿಸುತ್ತಿತ್ತು.

ಕಾಲಕ್ರಮದಲ್ಲಿ ಅವನ ಬಲಗೈ ಹೆಬ್ಬೆರಳು ತಾನಾಗಿಯೇ ಆ ಚಕ್ರ ತಿರುಗಿಸಲು ಕಲಿಯಿತು. ವಾದ್ಯ ಕೇಳಿದರೆ ಒಂದು, ಚೆಂಡೆ ಕೇಳಿದರೆ ಎರಡು, ಊದುಬತ್ತಿಯ ವಾಸನೆ ಬಂದರೆ ಮೂರು. ತಲೆಗೆ ಕೆಲಸವೇ ಇಲ್ಲ. ಕಡಬದ ಹೋಟೆಲಿನ ಕುಕ್ಕಪ್ಪ ಗೌಡರಂತೂ ಚಹಾ ಕೊಡುವಾಗಲೆಲ್ಲ, "ಆ ಬೆರಳು ನನ್ನ ಕಡೆ ತೋರಿಸ್ಬೇಡ ಮಾರಾಯ, ಮೂರಕ್ಕೆ ಹೋದ್ರೆ ಕಷ್ಟ" ಎಂದು ಚೇಷ್ಟೆ ಮಾಡುತ್ತಿದ್ದರು. ಟೋಮಿ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸುತ್ತಿದ್ದ.

ಹೀಗಿರಲು ಜಿಮ್ಮಿ ಸ್ಟುಡಿಯೋಕ್ಕೆ ಬಂದ. ನೆಲ್ಯಾಡಿಯಿಂದ ಒಳಗೆ ರಬ್ಬರು ತೋಟ ಇರುವವನು, ಟೋಮಿಯ ಇಡವಕದವನೇ, ಎಂದರೆ ಅದೇ ಇಗರ್ಜಿಯ ಕುಟುಂಬ. ಅವನ ತಾಯಿ ಏಲಿಕುಟ್ಟಿ ಅಮ್ಮಚ್ಚಿ ಹೃದಯದ ತೊಂದರೆಯಿಂದ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿ, ಆಗಷ್ಟೇ ಮನೆಗೆ ಮರಳಿದ್ದರು. ಜಿಮ್ಮಿ ಕುಳಿತು, ಎದ್ದು, ಗೋಡೆಯ ಪಟಗಳನ್ನೆಲ್ಲ ನೋಡಿ, ಕಡೆಗೆ ಬಾಯಿಬಿಟ್ಟ.

"ಅಮ್ಮಚ್ಚಿದು ಒಂದು ಸರಿಯಾದ ಪಟ ಇಲ್ಲ ಟೋಮಿಚೇಟ. ಎಲ್ಲದ್ರಲ್ಲೂ ಹಿಂದೆ ಎಲ್ಲೋ ನಿಂತಿದ್ದಾರೆ. ಡಾಕ್ಟ್ರು ಹೇಳುದು ನೋಡಿದ್ರೆ... ಆಮೇಲೆ ಫ್ಲೆಕ್ಸಿಗೆ, ಪೇಪರಿಗೆ ಅಂತ ಹುಡುಕುದು ಬೇಡ. ಈಗಲೇ ಒಂದು ತೆಗೆದಿಟ್ರೆ ಒಳ್ಳೇದಲ್ವಾ?"

"ಅವರಿಗೆ ಎಂತ ಹೇಳುದು?"

"ಇಗರ್ಜಿಯಿಂದ ಕುಟುಂಬಗಳ ಪುಸ್ತಕ ಮಾಡ್ತಾರೆ, ಅದಕ್ಕೆ ಅಂತ ಹೇಳಿದ್ದೇನೆ."

"ಸೆಟ್ ಉಂಟು" ಎಂದ ಟೋಮಿ. ಸಾಯುವವರ ಪಟವನ್ನು ಮುಂಗಡವಾಗಿ ತೆಗೆದಿಡುವುದು ಅವನ ವೃತ್ತಿಯಲ್ಲಿ ಹೊಸತೇನಲ್ಲ. ಮಕ್ಕಳ ಪ್ರೀತಿಯೂ ಅದರಲ್ಲಿರುತ್ತದೆ, ಮರ್ಯಾದೆಯ ಚಿಂತೆಯೂ ಇರುತ್ತದೆ, ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಏಲಿಕುಟ್ಟಿ ಅಮ್ಮಚ್ಚಿಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅವರು ಪ್ರಾರ್ಥಿಸುವುದು ಮಲಯಾಳದಲ್ಲಿ, ಜಗಳವಾಡುವುದು ಕನ್ನಡದಲ್ಲಿ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಇಲ್ಲಿಗೆ ಬಂದು, ಮರಗೆಣಸಿನ ಗದ್ದೆಗೆ ನುಗ್ಗುವ ದನಗಳ ಯಜಮಾನರ ಜೊತೆ ಕಾದಾಡಿ ಕಾದಾಡಿ ಕಲಿತ ಕನ್ನಡ ಅದು. ಆದ್ದರಿಂದ ಅಮ್ಮಚ್ಚಿ ಕನ್ನಡಕ್ಕೆ ಹೊರಳಿದರೆಂದರೆ ಮನೆಯವರು ಮೆಲ್ಲಗೆ ಹಿತ್ತಲಿನ ದಾರಿ ಹಿಡಿಯುತ್ತಿದ್ದರು.

ಟೋಮಿ ಹೋದಾಗ ಅವರು ಜಗಲಿಯ ಕುರ್ಚಿಯಲ್ಲಿ ತಯಾರಾಗಿ ಕುಳಿತಿದ್ದರು. ಚಟ್ಟೆಯೆಂಬ ಬಿಳಿಯ ಸಡಿಲ ರವಿಕೆ, ಹಿಂದೆ ಬೀಸಣಿಗೆಯ ಹಾಗೆ ನೆರಿಗೆ ಹಿಡಿದ ಮುಂಡು, ಕಿವಿಯ ಮೇಲಂಚಿನಲ್ಲಿ ಚಿನ್ನದ ಬಳೆ. ಸೊಸೆ ಜೋಸ್ನಾ ತಲೆ ಬಾಚಿ, ಪೌಡರು ಹಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಮತ್ತೊಮ್ಮೆ ಬಾಚಿದಳು. ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ತಮ್ಮನ್ನು ನೋಡಲೆಂದೇ ಬಂದಿದ್ದಾರೆ ಎಂಬ ಸಂತೋಷ ಆ ಮುದುಕಿಯ ಮುಖದಲ್ಲಿ ಸ್ಪಷ್ಟವಾಗಿತ್ತು. ಟೋಮಿ ಗಲ್ಲ ತುಸು ಎತ್ತಿಸಿದ, ಹೆಗಲು ತಿರುಗಿಸಿದ, ಒತ್ತಿದ.

ಅಮ್ಮಚ್ಚಿ ಹಾಗೆಯೇ ಕುಳಿತೇ ಇದ್ದರು. ಉಸಿರು ಬಿಗಿಹಿಡಿದು, ರೆಪ್ಪೆ ಮಿಟುಕಿಸದೆ.

"ತೆಗ್ದಾಯ್ತಾ?" ಎಂದು ಕಡೆಗೆ ಮಲಯಾಳದಲ್ಲಿ ಕೇಳಿದರು.

"ಆಯ್ತು ಅಮ್ಮಚ್ಚಿ."

"ಶಬ್ದ ಬರ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಟೋಮಿಯ ಕಣ್ಣು ಚಕ್ರದ ಕಡೆಗೆ ಹೋಯಿತು. ಅದು ಮೂರರಲ್ಲಿತ್ತು. ಹಿಂದಿನ ಕೆಲಸದಿಂದ ಉಳಿದದ್ದು ಎನ್ನೋಣವೆಂದರೆ, ಹಿಂದಿನ ದಿನ ಅವನು ತೆಗೆದದ್ದು ಒಂದು ಮಗುವಿನ ಜ್ಞಾನಸ್ನಾನ. ಚಕ್ರ ಒಂದರಲ್ಲಿ ಇರಬೇಕಿತ್ತು. ಈ ಮನೆಯ ಮೆಟ್ಟಿಲು ಹತ್ತುವಾಗ ಹೆಬ್ಬೆರಳು ತಾನೇ ನಿರ್ಧರಿಸಿ ತಿರುಗಿಸಿತ್ತು.

"ತೋರಿಸು" ಎಂದರು ಅಮ್ಮಚ್ಚಿ, ಕನ್ನಡದಲ್ಲಿ.

ತೋರಿಸದೆ ಗತಿಯಿಲ್ಲ. ಬದುಕಿದ್ದ ಮುಖಕ್ಕೆ ಸತ್ತವರ ಪಾಲಿನ ರಕ್ತವೂ ಸೇರಿ, ಪುನರ್ಪುಳಿ ಶರಬತ್ತು ಚೆಲ್ಲಿದ ಹಾಗೆ ಕೆನ್ನೆ, ಹಣೆ, ಕತ್ತು ಎಲ್ಲ ಕೆಂಪಾಗಿತ್ತು. ಅಮ್ಮಚ್ಚಿ ಆ ಪುಟ್ಟ ಪರದೆಯನ್ನು ನೋಡಿದರು. ಆಮೇಲೆ ಬಾಗಿಲಿನಿಂದ ಕಾಣುತ್ತಿದ್ದ ಒಳಗಿನ ಗೋಡೆಯನ್ನು ನೋಡಿದರು. ಅಲ್ಲಿ ಅವರ ಗಂಡನ ಪೆಟ್ಟಿಗೆಯ ಸುತ್ತ ಮನೆಮಂದಿಯೆಲ್ಲ ನಿಂತ ಪಟವಿತ್ತು.

"ಜಿಮ್ಮಿಯ ಅಪ್ಪಂದು ತೆಗ್ದದ್ದೂ ನೀನೇ ಅಲ್ವಾ? ಆಗ್ಲೂ ಶಬ್ದ ಇರ್ಲಿಲ್ಲ. ನಾನು ತಲೆ ಹತ್ರವೇ ನಿಂತಿದ್ದೆ, ನನಗೆ ನೆನಪುಂಟು."

ಆಗಲಾದರೂ ಟೋಮಿ ತಪ್ಪಾಯಿತು ಎನ್ನಬಹುದಿತ್ತು. ಅನ್ನಲಿಲ್ಲ. "ಕ್ಯಾಮರಾದ್ದು ಎಂತದೋ ಪ್ರಾಬ್ಲೆಮ್ ಅಮ್ಮಚ್ಚಿ, ಒಂದೊಂದು ಸಲ ಹಾಗೆ ಮಾಡ್ತದೆ" ಎಂದುಬಿಟ್ಟ.

"ಕ್ಯಾಮರಾಕ್ಕೆ ಎಂತ ಗೊತ್ತು ಪಾಪ? ನೀನು ಹೇಳಿ ಇಟ್ಟದ್ದನ್ನು ಅದು ಮಾಡಿತು."

ಜಿಮ್ಮಿ ಅಂಗಳದ ತೆಂಗಿನ ಮರದಲ್ಲಿ ಏನನ್ನೋ ಹುಡುಕತೊಡಗಿದ. ಜೋಸ್ನಾ ಬಾಚಣಿಗೆ ಹಿಡಿದು ಒಳಗೆ ಹೋದಳು. ಇಂಗು ತಿಂದ ಮಂಗನಂತೆ ನಿಂತ ಟೋಮಿಗೆ ಕೋಟಿನ ಅಷ್ಟೂ ಜೇಬುಗಳಲ್ಲಿ ತಲೆ ಬಚ್ಚಿಟ್ಟುಕೊಳ್ಳುವುದಕ್ಕೆ ಒಂದೂ ಸಿಗಲಿಲ್ಲ. ಆ ದಿನದ ನಾಚಿಕೆಯನ್ನು ಅವನೇ ನನಗೆ ಹೇಳಿದ್ದು: "ಅವರು ಎರಡು ಪೆಟ್ಟು ಕೊಟ್ಟಿದ್ರೆ ನನಗೆ ಸಮಾಧಾನ ಆಗ್ತಿತ್ತು ಮಾರಾಯ್ರೆ."

ಅಮ್ಮಚ್ಚಿ ಪೆಟ್ಟು ಕೊಡಲಿಲ್ಲ. "ಪುಸ್ತಕಕ್ಕೆ ಅಂತ ಹೇಳಿದ್ದು ಸುಳ್ಳು ಅಂತ ಗೊತ್ತಾಯ್ತು ಜಿಮ್ಮಿ. ಇರ್ಲಿ. ಒಂದು ದಿನ ಸಾಯುದೇ, ಅದಕ್ಕೆ ಪಟ ಬೇಡ ಅಂತ ನಾನು ಹೇಳುದಿಲ್ಲ. ಇದು ನಿಮಗೆ ಬೇಕಾದ್ದು, ಇಟ್ಕೊಳ್ಳಿ. ಆದ್ರೆ ಈಗ ನಾನು ಇದ್ದೇನಲ್ಲ? ಟೋಮಿ, ಇನ್ನೊಂದು ತೆಗಿ. ಶಬ್ದ ಬರ್ಬೇಕು. ನಾನು ಕೇಳ್ಬೇಕು."

ಟೋಮಿ ಚಕ್ರವನ್ನು ಒಂದಕ್ಕೆ ತಿರುಗಿಸಿದ. ಅದು ಮದುಮಗಳಿಗೆ ಮಾಡಿದ್ದು. ಮಿಂಚು ಹೊಡೆದು ಸುಕ್ಕುಗಳನ್ನೆಲ್ಲ ನುಂಗಿಬಿಡುತ್ತದೆ. ಎರಡಕ್ಕೆ ತಿರುಗಿಸಿದ. ಅದು ಇರುಳಿನ ನೇಮದ್ದು, ಹಗಲಿಗೆ ಕೂಡದು. ಮತ್ತೆ ಒಂದು, ಮತ್ತೆ ಎರಡು. ಮದುವೆ ಉಂಟು, ದೈವ ಉಂಟು, ಸಾವು ಉಂಟು. ಒಂದು ಸಾಮಾನ್ಯ ಬೆಳಗ್ಗೆ ಜಗಲಿಯಲ್ಲಿ ಸುಮ್ಮನೆ ಕುಳಿತ ಮನುಷ್ಯರಿಗೆಂದು ಅವನು ಏನನ್ನೂ ಮಾಡಿಟ್ಟಿರಲಿಲ್ಲ. ಬೆರಳು ಚಕ್ರದ ಮೇಲೆ ಅತ್ತಿಂದಿತ್ತ ತಡಕಾಡುವುದನ್ನು ಅಮ್ಮಚ್ಚಿ ನೋಡುತ್ತಲೇ ಇದ್ದರು.

"ಎಂತದಾ, ಬದುಕಿದವರದ್ದು ಸೆಟ್ ಇಲ್ವಾ ನಿನ್ನತ್ರ?"

ಎಂದವರೇ, ತಮ್ಮ ಮಾತಿಗೆ ತಾವೇ ನಕ್ಕರು. ಆಸ್ಪತ್ರೆ ಕಂಡು ಬಂದ ಎದೆ ಕುಲುಕುವ ಹಾಗೆ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. ಟೋಮಿ ಚಕ್ರವನ್ನು ಯಾವ ಮನೆಗೂ ಸೇರದ ಕಡೆಗೆ ತಿರುಗಿಸಿ, ಬೆಳಕಿನ ಲೆಕ್ಕವನ್ನು ಕಲಿಕೆಯ ದಿನಗಳಂತೆ ಕೈಯಿಂದಲೇ ಕೂಡಿಸಿ ಒತ್ತಿದ. ಟಕ್ ಎಂದಿತು.

"ಹಾಂ, ಈಗ ಬಂತು" ಎಂದು ಅಮ್ಮಚ್ಚಿ ಕುರ್ಚಿಗೆ ಒರಗಿದರು. "ಇದ್ರ ಒಂದು ಕಾಪಿ ನನಗೆ ಬೇಕು. ನನ್ನ ಕೈಗೇ ಕೊಡ್ಬೇಕು, ಜಿಮ್ಮಿಗಲ್ಲ."

"ಸೆಟ್ ಉಂಟು ಅಮ್ಮಚ್ಚಿ" ಎಂದು ಟೋಮಿ ಅಲ್ಲಿಂದ ಕಾಲು ಕಿತ್ತ.

ಕಥೆ ಇಲ್ಲಿಗೆ ಮುಗಿದಿದ್ದರೆ ಟೋಮಿ ಅದನ್ನು ನಾಲ್ಕು ಜನರೆದುರು ನಗುತ್ತ ಹೇಳಿಕೊಂಡು ತಿರುಗಬಹುದಿತ್ತು. ಸ್ಟುಡಿಯೋದಲ್ಲಿ ದೊಡ್ಡ ಪರದೆಗೆ ಹಾಕಿ ನೋಡಿದಾಗ ಆ ಎರಡನೆಯ ಪಟ ಅಲುಗಿತ್ತು. ಬೆಳಕು ಸಾಲದೆ, ನಗುವವರ ತಲೆ ನಿಲ್ಲದೆ, ಕಿವಿಯ ಬಳೆಯೊಂದು ಎರಡಾಗಿ, ಬಾಯಿ ಒಂದು ಕಪ್ಪು ಗವಿಯಾಗಿ ಬಂದಿತ್ತು. ಕಣ್ಣು ಮಾತ್ರ ಹೇಗೋ ಸ್ಪಷ್ಟವಾಗಿತ್ತು. ಇದನ್ನು ಹೇಗೆ ಕೊಡುವುದು? ತನ್ನ ಸ್ಟುಡಿಯೋದ ಹೆಸರು ಹಿಂದೆ ಒತ್ತಿ, ಹೀಗೆ ಅಲುಗಿದ್ದನ್ನು? ಮೊದಲನೆಯದಾದರೋ ಕೆಂಪು ಇಳಿಸಿದ ಕೂಡಲೇ ಚೊಕ್ಕಟವಾಗಿ ನಿಂತಿತು. ಅದನ್ನು ಜಿಮ್ಮಿಗೆ ಅಂದೇ ಕಳುಹಿಸಿದ. ಎರಡನೆಯದನ್ನು, ಇನ್ನೊಮ್ಮೆ ಹೋಗಿ ಸರಿಯಾಗಿ ತೆಗೆದುಕೊಟ್ಟರಾಯಿತು ಎಂದು ಇಟ್ಟುಕೊಂಡ.

ಹೋಗಲಿಲ್ಲ. ಮದುವೆಯ ಕಾಲ ಬಂತು, ಮುಹೂರ್ತದ ಮೇಲೆ ಮುಹೂರ್ತ. ಅದಕ್ಕಿಂತ ಹೆಚ್ಚಾಗಿ, ಆ ಮುಖ ಎದುರಿಸುವ ನಾಚಿಕೆ. ಭಾನುವಾರ ಇಗರ್ಜಿಯಲ್ಲಿ ಅಮ್ಮಚ್ಚಿ ಮುಂದಿನ ಬೆಂಚಿನಲ್ಲಿದ್ದರೆ ಅವನು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದ. ಒಮ್ಮೆ ಅಂಗಳದಲ್ಲಿ ಜೋಸ್ನಾಳ ಕೈ ಹಿಡಿದುಕೊಂಡು ಬಂದು, "ನನ್ನ ಪಟ ಎಲ್ಲಿ?" ಎಂದು ಅಡ್ಡ ಹಾಕಿಯೇಬಿಟ್ಟರು. "ಸೆಟ್ ಮಾಡ್ತಾ ಇದ್ದೇನೆ ಅಮ್ಮಚ್ಚಿ, ಬರುವ ವಾರ" ಎಂದ. ಬರುವ ವಾರ ಎಂಬುದು ಟೋಮಿಯ ಬಾಯಲ್ಲಿ ಸುಳ್ಳಲ್ಲ, ಆಸೆ. ಆದರೆ ಕಾಯುವವರಿಗೆ ಎರಡೂ ಒಂದೇ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ದೊಡ್ಡ ನೋಂಬಿನ ಸಮಯದಲ್ಲಿ ಒಂದು ಬೆಳಗ್ಗೆ ಜಿಮ್ಮಿಯ ಫೋನು ಬಂತು. ಟೋಮಿ ಚಹಾ ಅರ್ಧದಲ್ಲಿ ಬಿಟ್ಟು ಓಡಿದ. ಚಕ್ರ ಮೂರರಲ್ಲಿತ್ತು, ಈ ಸಲ ಸರಿಯಾಗಿಯೇ ಇತ್ತು. ಮಕ್ಕಳು, ಮೊಮ್ಮಕ್ಕಳೆಲ್ಲ ಪೆಟ್ಟಿಗೆಯ ಸುತ್ತ ನಿಂತರು. ಯಾರ ಪ್ರಾರ್ಥನೆಗೂ ಭಂಗ ಬಾರದ ಹಾಗೆ ಅವನು ಸದ್ದಿಲ್ಲದೆ ಕೆಲಸ ಮುಗಿಸಿದ. ಅಷ್ಟು ಹೊತ್ತಿಗೆ ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸೂ ಎದ್ದಿತ್ತು. ಗಲ್ಲ ಎತ್ತಿ, ಉಸಿರು ಬಿಗಿಹಿಡಿದು, ಸದ್ದಿಗಾಗಿ ಕಾಯುತ್ತ ಕುಳಿತ ಏಲಿಕುಟ್ಟಿ ಅಮ್ಮಚ್ಚಿ. ಬಂದವರೆಲ್ಲ ಟೋಮಿಯ ಬೆನ್ನು ತಟ್ಟಿದರು. ಕುಕ್ಕಪ್ಪ ಗೌಡರಂತೂ ಚೇಷ್ಟೆ ಬಿಟ್ಟು, "ಎಷ್ಟು ಚಂದ ತೆಗ್ದಿದ್ದಿ ಮಾರಾಯ, ಜೀವ ಉಂಟು ಅದ್ರಲ್ಲಿ" ಎಂದರು. ಟೋಮಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಫ್ಲೆಕ್ಸು ಇಳಿಯುವವರೆಗೆ ಅವನು ಹೆದ್ದಾರಿ ಬಿಟ್ಟು ಒಳದಾರಿಯಲ್ಲೇ ಸ್ಟುಡಿಯೋಕ್ಕೆ ಬಂದು ಹೋದ.

ಆ ಮೇಲೆ ಒಂದು ದಿನ, ಅಲುಗಿದ ಪಟವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಜಿಮ್ಮಿಯ ಮನೆಗೆ ಒಯ್ದ. ಮನೆಯಲ್ಲಿದ್ದದ್ದು ಜೋಸ್ನಾ ಒಬ್ಬಳೇ. ಅವಳು ಕಾಗದ ಬಿಚ್ಚಿ, ಹಲ್ಲಿಲ್ಲದ ಆ ನಗುವನ್ನು ಬಹಳ ಹೊತ್ತು ನೋಡಿದಳು. ಅಲುಗಿದ್ದು ಅವಳಿಗೆ ಕಂಡಿತೋ ಇಲ್ಲವೋ ತಿಳಿಯದು.

"ಮೊದಲೇ ಕೊಡ್ಬಹುದಿತ್ತು ಟೋಮಿಚೇಟ" ಎಂದಳು. "ಆಸ್ಪತ್ರೆಗೆ ಎರಡನೇ ಸಲ ಹೋಗುವಾಗ ಜೀಪಿನಲ್ಲಿಯೂ ಕೇಳಿದ್ರು. ನನ್ನ ಶಬ್ದ ಬಂದ ಪಟ ಎಲ್ಲಿ ಅಂತ."

ಟೋಮಿ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಇಷ್ಟು ನಾಚಿಕೊಳ್ಳುತ್ತಲೂ ಇರಲಿಲ್ಲ. ನಮ್ಮ ಊರುಗಳಲ್ಲಿ ಹೀಗೊಂದು ಜಾತಿಯ ಜನರಿದ್ದಾರೆ. ಇಗರ್ಜಿ, ಗುಡಿ, ಮಸೀದಿಯೆಂದು ಅದಕ್ಕೆ ಭೇದವಿಲ್ಲ. ದೊಡ್ಡ ದಿನಗಳಿಗೆ ಅವರು ಸದಾ ಸಿದ್ಧರು. ಮದುವೆಯಲ್ಲಿ ಬಡಿಸಲು ಅವರೇ ಮುಂದು, ಸಾವಿನ ಮನೆಗೆ ಕರೆ ಬಂದರೆ ಕೈತುತ್ತು ಬಿಟ್ಟು ಓಡುತ್ತಾರೆ, ಹೆಗಲು ಕೊಡುತ್ತಾರೆ, ಅಲ್ಲಿ ಜೋರಾಗಿ ಕೆಮ್ಮುವುದೂ ಇಲ್ಲ. ಅಂಥವರನ್ನು ಹೊಗಳಲು ನಮಗೆ ಮಾತು ಸಾಲುವುದಿಲ್ಲ. ಮದುವೆಯೂ ಇಲ್ಲದ, ಸಾವೂ ಇಲ್ಲದ ಬರಿಯ ಒಂದು ದಿನ ಜಗಲಿಯಲ್ಲಿ ಕುಳಿತವರೊಬ್ಬರು ತಮ್ಮದೊಂದು ಸಣ್ಣ ವಸ್ತು ಕೇಳಿದರೆ ಮಾತ್ರ, ಬರುವ ವಾರ ತರುತ್ತೇನೆ ಎನ್ನುತ್ತಾರೆ. ಅವರನ್ನು ದೂರುವುದಕ್ಕೆಂದು ನಾನು ಇದನ್ನು ಬರೆಯಲು ಕುಳಿತದ್ದು. ಬರೆಯುತ್ತ ಹೋದಂತೆ ನನಗೂ ಯಾರೋ ಎಲ್ಲೋ ಕಾಯುತ್ತಿದ್ದಾರೆಂದು ನೆನಪಾಗುತ್ತಿದೆ, ನಿಮಗೂ ಆಗುತ್ತಿರಬಹುದು.